ದಾರ ಮಾತಾಡುತ್ತದೆ, ತಂತಿ ಮಾತಾಡುವುದಿಲ್ಲ

ಜೂನ್ 12ರ ಮಧ್ಯಾಹ್ನ ನನ್ನ ಫೋನಿಗೆ ಬಂದ ಮೊದಲ ಕರೆ ಸಾಗರದಿಂದ, ಅಕ್ಕನದು. ‘ಎಲ್ಲಿದ್ದೀಯೋ? ಟಿವೀಲಿ ನಿಮ್ಮ ಏರಿಯಾದ ಹೆಸರೇ ಬರ್ತಾ ಇದೆ’ ಎಂದಳು. ವಿಮಾನ ಬಿದ್ದದ್ದು ಮೇಘಾಣಿನಗರದಲ್ಲಿ, ನಾವಿರುವುದು ಮಣಿನಗರದಲ್ಲಿ. ಅದು ಅಹಮದಾಬಾದಿನ ಉತ್ತರಕ್ಕೆ, ಇದು ದಕ್ಷಿಣಕ್ಕೆ. ಆದರೆ ಹೆಸರು ಕೇಳಿದ ನೆಂಟರಿಗೆ ಎರಡೂ ಒಂದೇ. ಆ ಸಂಜೆಯವರೆಗೆ ‘ನಾವು ಚೆನ್ನಾಗಿದ್ದೇವೆ’ ಎಂದು ಹೇಳುವುದೇ ಕೆಲಸವಾಯಿತು. ಹಾಗೆ ಹೇಳುವಾಗಲೆಲ್ಲ ನಾಚಿಕೆಯೂ ಆಗುತ್ತಿತ್ತು. ಚೆನ್ನಾಗಿಲ್ಲದವರು ಇದೇ ಊರಿನಲ್ಲಿ 260 ಮಂದಿ ಇದ್ದರು.

ವಾರದ ನಂತರ ಅಕ್ಕ ಮತ್ತೆ ಫೋನ್ ಮಾಡಿದಳು. ಈ ಸಲ ಅವಳ ಚಿಂತೆ ಬೇರೆ. ಅವಳ ಮಗ ಪೈಲಟ್. ಇಷ್ಟು ದಿನ ಎಟಿಆರ್ ಹಾರಿಸುತ್ತಿದ್ದವನು ಈಗ ಏರ್‌ಬಸ್ ಎ320 ತರಬೇತಿಗೆ ಹೊರಟಿದ್ದ. ‘ಅದರಲ್ಲಿ ಎಲ್ಲಾ ಕಂಪ್ಯೂಟರೇ ಅಂತೆ. ಕೈಗೆ ಏನೂ ಗೊತ್ತಾಗೋದೇ ಇಲ್ವಂತೆ. ನೀನು ಇಂಜಿನಿಯರ್ ಅಲ್ವೇನೋ, ಹೌದಾ ಅಲ್ವಾ ಹೇಳು.’

ನಾನು ವಿಮಾನದ ಇಂಜಿನಿಯರ್ ಅಲ್ಲ. ವಟವಾದ ಕೈಗಾರಿಕಾ ಪ್ರದೇಶದಲ್ಲಿ ಜವಳಿ ಯಂತ್ರಗಳ ಮೋಟಾರ್ ಕಂಟ್ರೋಲ್ ನೋಡಿಕೊಳ್ಳುವವನು. ಆದರೆ ಅಕ್ಕನ ಪ್ರಶ್ನೆ ನನ್ನ ಕಸುಬಿನ ಪ್ರಶ್ನೆಯೂ ಹೌದು. ಕೈಗೂ ಯಂತ್ರಕ್ಕೂ ನಡುವೆ ಕಂಪ್ಯೂಟರ್ ಬಂದು ಕುಳಿತರೆ ಕೈಗೆ ಏನು ಉಳಿಯುತ್ತದೆ?

ಮೊದಲು ಒಂದು ಮಾತು. ಜೂನ್ 12ರಂದು ಬಿದ್ದ ಬೋಯಿಂಗ್ 787 ಕೂಡ ಕಂಪ್ಯೂಟರ್ ಮೂಲಕ ಹಾರುವ ವಿಮಾನವೇ. ಆದರೆ ಜುಲೈನಲ್ಲಿ ಬಂದ ಪ್ರಾಥಮಿಕ ವರದಿ ಹೇಳುವುದು ಎಂಜಿನ್‌ಗಳ ಇಂಧನ ಸ್ವಿಚ್‌ಗಳ ವಿಷಯ. ನೆಲ ಬಿಟ್ಟ ಕೆಲವೇ ಕ್ಷಣಗಳಲ್ಲಿ ಎರಡೂ ಸ್ವಿಚ್‌ಗಳು ಒಂದರ ಹಿಂದೊಂದು ‘ಕಟ್‌ಆಫ್’ ಸ್ಥಿತಿಗೆ ಹೋದವು ಎಂದು ಅದರಲ್ಲಿದೆ. ಏಕೆ, ಹೇಗೆ ಎಂಬುದನ್ನು ಹೇಳಬೇಕಾದವರು ತನಿಖಾಧಿಕಾರಿಗಳು. ಆ ದುರಂತವನ್ನು ನನ್ನ ವಾದಕ್ಕೆ ಬಳಸಿಕೊಳ್ಳುವುದು ಸರಿಯಲ್ಲ. ನನ್ನ ವಿಷಯ ಅಕ್ಕ ಕೇಳಿದ್ದಷ್ಟೇ.

ಛಾವಣಿಯ ಪಾಠ

ಉತ್ತರ ಹುಡುಕುವಾಗ ನನಗೆ ನೆನಪಾದದ್ದು ನಮ್ಮ ಕೆಳಮನೆಯ ಕಾಕಾ. ಉತ್ತರಾಯಣದ ದಿನ, ಅಂದರೆ ನಮ್ಮ ಸಂಕ್ರಾಂತಿಯಂದು, ಮಣಿನಗರದಲ್ಲಿ ಯಾರೂ ಮನೆಯೊಳಗೆ ಇರುವುದಿಲ್ಲ. ಎಲ್ಲರೂ ಛಾವಣಿಯ ಮೇಲೆ. ಒಂದು ಕಡೆ ಉಂಧಿಯು, ಜಿಲೇಬಿ, ಇನ್ನೊಂದು ಕಡೆ ಸ್ಪೀಕರಿನ ಅಬ್ಬರ, ತಲೆಯ ಮೇಲೆ ಸಾವಿರಾರು ಗಾಳಿಪಟ. ಇಲ್ಲಿಗೆ ಬಂದ ಮೊದಲ ವರ್ಷ ನಾನು ಕತ್ತೆತ್ತಿ ಪಟವನ್ನೇ ನೋಡುತ್ತ ದಾರ ಎಳೆಯುತ್ತಿದ್ದೆ. ಪಟ ಮತ್ತೆ ಮತ್ತೆ ಬೀಳುತ್ತಿತ್ತು. ಕಾಕಾ ಫಿರ್ಕಿ ಹಿಡಿದು ಪಕ್ಕದಲ್ಲಿ ನಿಂತವರು, ‘ಮೇಲೆ ಏನು ನೋಡ್ತೀಯ ಭಾಯಿ? ಬೆರಳಿನಲ್ಲಿ ನೋಡು’ ಎಂದರು.

ಅವರ ಮಾತು ನಿಜ. ಗಾಳಿ ಬಿಗಿಯಾದರೆ ದಾರ ಬೆರಳನ್ನು ಕೊಯ್ಯುತ್ತದೆ, ಸಡಿಲವಾದರೆ ದಾರ ಸತ್ತಂತಾಗುತ್ತದೆ. ಯಾವಾಗ ಢೀಲ್ ಬಿಡಬೇಕು, ಯಾವಾಗ ಎಳೆಯಬೇಕು ಎಂಬುದು ಕಣ್ಣಿಗಿಂತ ಮೊದಲು ಬೆರಳಿಗೆ ತಿಳಿಯುತ್ತದೆ. ಒಂದೇ ದಾರ ಎರಡು ಕೆಲಸ ಮಾಡುತ್ತದೆ: ನಮ್ಮ ಅಪ್ಪಣೆಯನ್ನು ಮೇಲಕ್ಕೆ ಒಯ್ಯುತ್ತದೆ, ಗಾಳಿಯ ಸುದ್ದಿಯನ್ನು ಕೆಳಕ್ಕೆ ತರುತ್ತದೆ.

ಹಳೆಯ ವಿಮಾನಗಳೂ ಹೀಗೆಯೇ ಇದ್ದವು. ಪೈಲಟ್ ಎಳೆಯುವ ಚುಕ್ಕಾಣಿಗೂ ರೆಕ್ಕೆ, ಬಾಲದ ಅಲುಗಾಡುವ ಭಾಗಗಳಿಗೂ ನಡುವೆ ಉಕ್ಕಿನ ಕೇಬಲ್, ರಾಟೆ, ಸರಳುಗಳು. ವೇಗ ಹೆಚ್ಚಿದಂತೆ ಚುಕ್ಕಾಣಿ ಭಾರವಾಗುತ್ತಿತ್ತು, ವೇಗ ಕುಸಿದರೆ ಮೆತ್ತಗಾಗುತ್ತಿತ್ತು. ಅಕ್ಕನ ಮಗ ಹಾರಿಸುತ್ತಿದ್ದ ಎಟಿಆರ್ 72 ಇಂದಿಗೂ ಈ ಜಾತಿಯದೇ. ‘ಎಟಿಆರ್‌ನಲ್ಲಿ ಗಾಳಿ ಜಾಸ್ತಿ ಇದ್ದ ದಿನ ಇಳಿಸಿದ್ರೆ ರಾತ್ರಿ ಭುಜ ನೋಯ್ತಿತ್ತು ಮಾಮ’ ಎನ್ನುತ್ತಾನೆ ಅವನು.

ಹುಸಿ ಭಾರದ ಕಥೆ

ವಿಮಾನಗಳು ದೊಡ್ಡದಾದಂತೆ ಮನುಷ್ಯನ ತೋಳ್ಬಲ ಸಾಲದಾಯಿತು. ಎಣ್ಣೆಯ ಒತ್ತಡದಿಂದ ಕೆಲಸ ಮಾಡುವ ಹೈಡ್ರಾಲಿಕ್ ಯಂತ್ರಗಳು ಬಂದವು. ಆಗ ಒಂದು ವಿಚಿತ್ರ ತೊಂದರೆ ಎದುರಾಯಿತು. ಹೈಡ್ರಾಲಿಕ್ಸ್ ಅಪ್ಪಣೆಯನ್ನು ಒಯ್ಯುತ್ತದೆ, ಆದರೆ ಗಾಳಿಯ ಸುದ್ದಿಯನ್ನು ವಾಪಸು ತರುವುದಿಲ್ಲ. ಎಷ್ಟು ವೇಗದಲ್ಲಿದ್ದರೂ ಚುಕ್ಕಾಣಿ ಒಂದೇ ರೀತಿ ಹಗುರ. ಪೂರ್ಣ ವೇಗದಲ್ಲಿ ಅರಿಯದೆ ಜೋರಾಗಿ ಎಳೆದರೆ ವಿಮಾನವೇ ಮುರಿಯಬಹುದು.

ಅದಕ್ಕಾಗಿ ಇಂಜಿನಿಯರುಗಳು ಹುಸಿ ಭಾರವನ್ನು ಸೃಷ್ಟಿಸಿದರು. ಹೊರಗಿನ ಗಾಳಿಯ ಒತ್ತಡವನ್ನು ಅಳೆದು ಅದಕ್ಕೆ ತಕ್ಕಂತೆ ಚುಕ್ಕಾಣಿಯನ್ನು ಬಿಗಿ ಮಾಡುವ ಸಾಧನ. ನಾವೆಲ್ಲ ಹತ್ತಿದ ಬೋಯಿಂಗ್ 737ರಲ್ಲಿ ಇದಕ್ಕೆ ‘ಫೀಲ್ ಕಂಪ್ಯೂಟರ್’ ಎಂದೇ ಹೆಸರು. ಅಂದರೆ ಪೈಲಟ್‌ನ ಕೈಗೆ ಸಿಗುವ ‘ಅನುಭವ’ ಕೃತಕವಾದದ್ದು ಇವತ್ತಲ್ಲ. ತಂತಿ ಬರುವುದಕ್ಕಿಂತ ಬಹಳ ಮೊದಲೇ ಅದನ್ನು ಯಾರೋ ಮೇಜಿನ ಮುಂದೆ ಕುಳಿತು ತಯಾರಿಸುತ್ತಿದ್ದರು.

ಆಮೇಲೆ ಬಂದದ್ದು ಫ್ಲೈ-ಬೈ-ವೈರ್. ಕೇಬಲ್ ಹೋಗಿ ವಿದ್ಯುತ್ ತಂತಿ ಬಂತು. ಪೈಲಟ್ ಸ್ಟಿಕ್ ತಿರುಗಿಸಿದರೆ ಅದು ಒಂದು ಸಂಕೇತ, ಒಂದು ಕೋರಿಕೆ. ಅದನ್ನು ಕಂಪ್ಯೂಟರ್‌ಗಳು ಓದಿ, ವಿಮಾನದ ವೇಗ, ಕೋನ ನೋಡಿ, ರೆಕ್ಕೆಯ ಭಾಗಗಳನ್ನು ಎಷ್ಟು ಸರಿಸಬೇಕೆಂದು ತೀರ್ಮಾನಿಸುತ್ತವೆ. ನಾಸಾ 1972ರಲ್ಲಿ ಒಂದು ಯುದ್ಧವಿಮಾನದ ಮೇಲೆ ಡಿಜಿಟಲ್ ಕಂಪ್ಯೂಟರಿನಿಂದ ಇದನ್ನು ಮಾಡಿ ತೋರಿಸಿತು. ಪ್ರಯಾಣಿಕರ ವಿಮಾನಗಳಲ್ಲಿ ಡಿಜಿಟಲ್ ವ್ಯವಸ್ಥೆಯನ್ನು ಪೂರ್ತಿಯಾಗಿ ತಂದದ್ದು ಎ320. ಅದು ಮೊದಲು ಹಾರಿದ್ದು 1987ರಲ್ಲಿ.

ಎ320ರಲ್ಲಿ ಎದುರಿಗೆ ಚುಕ್ಕಾಣಿ ಇಲ್ಲ. ಪಕ್ಕದಲ್ಲಿ, ಆಟದ ಜಾಯ್‌ಸ್ಟಿಕ್‌ನಂಥ ಪುಟ್ಟ ಸೈಡ್‌ಸ್ಟಿಕ್. ಅದರ ಹಿಂದೆ ಇರುವುದು ಸ್ಪ್ರಿಂಗ್. ನೆಲದ ಮೇಲೆ ನಿಂತಾಗಲೂ 35,000 ಅಡಿ ಎತ್ತರದಲ್ಲೂ ಅದರ ಬಿಗಿ ಒಂದೇ. ಸ್ಟಿಕ್ ಅನ್ನು ಓರೆ ಮಾಡಿ ಬಿಟ್ಟರೆ ವಿಮಾನ ಅದೇ ವಾಲುವಿಕೆಯಲ್ಲಿ ಉಳಿಯುತ್ತದೆ. ಮೂತಿಯನ್ನು ಎತ್ತಿ ಬಿಟ್ಟರೆ ಅದೇ ದಾರಿ ಹಿಡಿದು ಹೋಗುತ್ತದೆ. ವೇಗ ಬದಲಾದಾಗ ಸಮತೋಲನ ಸರಿಪಡಿಸುವ ಕೆಲಸವನ್ನೂ ಅದೇ ಮಾಡಿಕೊಳ್ಳುತ್ತದೆ. ಎಷ್ಟೇ ಎಳೆದರೂ ಸಾಮಾನ್ಯ ಸ್ಥಿತಿಯಲ್ಲಿ 67 ಡಿಗ್ರಿಗಿಂತ ಹೆಚ್ಚು ವಾಲಲು, 2.5 ಜಿಗಿಂತ ಹೆಚ್ಚು ಹೊರೆ ಹೊರಲು, ರೆಕ್ಕೆಯ ಎತ್ತುವ ಶಕ್ತಿ ಕುಸಿದು ಸ್ಟಾಲ್ ಆಗಲು ಕಂಪ್ಯೂಟರ್ ಬಿಡುವುದಿಲ್ಲ.

ಅಕ್ಕನ ಮಗನ ಮೊದಲ ಮಾತು ಇದೇ ಆಗಿತ್ತು: ‘ಮಾಮ, ಹಾರಿಸೋದು ಎಷ್ಟು ಸುಲಭ ಅಂದ್ರೆ ಭಯ ಆಗತ್ತೆ. ಎಟಿಆರ್ ಮಾತಾಡ್ತಾನೇ ಇರ್ತಿತ್ತು. ಇದು ಕೇಳಿದ್ದು ಮಾಡಿ ಸುಮ್ಮನಿರತ್ತೆ.’

ಇಳಿಯುವ ಹೊತ್ತಿನ ಒಂದು ಸಂಗತಿ ನನಗೆ ಬಹಳ ಇಷ್ಟ. ವಿಮಾನ ದಾರಿ ಹಿಡಿದು ತಾನೇ ಹೋಗುವುದಾದರೆ ರನ್‌ವೇ ಮುಟ್ಟುವ ಮುನ್ನ ಮೂತಿ ಎತ್ತುವಾಗ ಪೈಲಟ್‌ಗೆ ಗೊಂದಲವಾಗುತ್ತದೆ. ಸಾಮಾನ್ಯ ವಿಮಾನದಲ್ಲಿ ವೇಗ ಇಳಿದಂತೆ ಮೂತಿ ತಗ್ಗಲು ನೋಡುತ್ತದೆ, ಪೈಲಟ್ ಮೆಲ್ಲಗೆ ಎಳೆದು ಹಿಡಿಯುತ್ತಾನೆ. ಅವನ ಕೈಗೆ ಅದೇ ಅಭ್ಯಾಸ. ಆದ್ದರಿಂದ ಎ320 ನೆಲದಿಂದ 50 ಅಡಿಗೆ ಬಂದಾಗ ತನ್ನ ಮೂತಿಯ ಕೋನವನ್ನು ನೆನಪಿಟ್ಟುಕೊಂಡು, 30 ಅಡಿಯಿಂದ ತಾನೇ ಬೇಕೆಂದು ಮೂತಿಯನ್ನು ನಿಧಾನವಾಗಿ ತಗ್ಗಿಸಲು ಹೊರಡುತ್ತದೆ. ಪೈಲಟ್ ಹಳೆಯ ಅಭ್ಯಾಸದಂತೆ ಸ್ಟಿಕ್ ಎಳೆಯಲಿ ಎಂದು! ಜಾಣ ವಿಮಾನ ಕೊನೆಯ ಕೆಲವು ಸೆಕೆಂಡು ದಡ್ಡನ ಹಾಗೆ ನಟಿಸುತ್ತದೆ. ಕೈಯ ಜ್ಞಾನಕ್ಕೆ ಇಂಜಿನಿಯರುಗಳು ಕೊಟ್ಟ ಮರ್ಯಾದೆ ಇದು.

ಎರಡು ಊರು, ಎರಡು ದಿನ

ಹಾಗಾದರೆ ಮಾತಾಡುವ ವಿಮಾನವೇ ಸುರಕ್ಷಿತವೇ? ಈ ಪ್ರಶ್ನೆಗೆ ನನ್ನ ಎರಡು ಊರುಗಳಲ್ಲೂ ಕಹಿ ಉತ್ತರವಿದೆ.

ಕಾಕಾ ಇಂದಿಗೂ ನೆನಪಿಸಿಕೊಳ್ಳುವುದು 1988ರ ಅಕ್ಟೋಬರ್ 19. ಮುಂಬೈನಿಂದ ಬಂದ ಇಂಡಿಯನ್ ಏರ್‌ಲೈನ್ಸ್‌ನ ಬೋಯಿಂಗ್ 737 ಬೆಳಗಿನ ಮಬ್ಬಿನಲ್ಲಿ ಅಹಮದಾಬಾದಿನ ರನ್‌ವೇ ತಲುಪುವ ಮೊದಲೇ ನೆಲಕ್ಕೆ ಬಡಿಯಿತು. 133 ಮಂದಿ ಸತ್ತರು. ಅದು ಕೇಬಲ್ಲಿನ ವಿಮಾನ, ಕೈಗೆ ಭಾರ ತಿಳಿಸುವ ವಿಮಾನ. ಆದರೆ ನೆಲ ಎಷ್ಟು ಹತ್ತಿರವಿದೆ ಎಂದು ಚುಕ್ಕಾಣಿಯ ಭಾರ ಹೇಳುವುದಿಲ್ಲ. ಕೈಗೆ ಎಲ್ಲವೂ ತಿಳಿಯುತ್ತದೆ ಎಂಬುದು ಕೂಡ ಒಂದು ಭ್ರಮೆ.

ಅದಾಗಿ 16 ತಿಂಗಳಿಗೆ, 1990ರ ಫೆಬ್ರುವರಿ 14ರಂದು ಬೆಂಗಳೂರಿನಲ್ಲಿ ಇನ್ನೊಂದು. ನಾನಾಗ ಅಲ್ಲಿ ಪಾಲಿಟೆಕ್ನಿಕ್ ವಿದ್ಯಾರ್ಥಿ. ಮರುದಿನದ ಪತ್ರಿಕೆ ಹಾಸ್ಟೆಲಿನಲ್ಲಿ ಕೈಯಿಂದ ಕೈಗೆ ಹೋಗಿ ಹರಿದೇ ಹೋಯಿತು. ಅದೂ ಮುಂಬೈನಿಂದ ಬಂದ ವಿಮಾನ, ಅದೇ ಸಂಸ್ಥೆಯದು. ಆದರೆ ಇದು ಹೊಚ್ಚ ಹೊಸ ಎ320. ಎಚ್‌ಎಎಲ್ ವಿಮಾನ ನಿಲ್ದಾಣದ ರನ್‌ವೇಗೆ ಮೊದಲೇ, ಗಾಲ್ಫ್ ಮೈದಾನದ ಮೇಲೆ ಬಿತ್ತು. ಶುಭ್ರ ಹಗಲು, ಮಧ್ಯಾಹ್ನ ಒಂದು ಗಂಟೆಯ ಆಸುಪಾಸು. ವಿಮಾನದಲ್ಲಿದ್ದ 146 ಮಂದಿಯಲ್ಲಿ 92 ಮಂದಿ ಸತ್ತರು. ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿ ಶಿವಶಂಕರ ಭಟ್ ಅವರ ಆಯೋಗ ವಿಚಾರಣೆ ನಡೆಸಿತು. ಇಂಡಿಯನ್ ಏರ್‌ಲೈನ್ಸ್‌ನ ಎ320ಗಳೆಲ್ಲ ತಿಂಗಳುಗಟ್ಟಲೆ ನೆಲದಲ್ಲೇ ನಿಂತವು.

ಅಲ್ಲಿ ಆದದ್ದೇನು? ಇಳಿಯುವಾಗ ವಿಮಾನವು ಎಂಜಿನ್‌ಗಳನ್ನು ಕನಿಷ್ಠ ಶಕ್ತಿಯಲ್ಲೇ ಇಡುವ ಕ್ರಮದಲ್ಲಿತ್ತು. ವೇಗ ಕುಸಿಯುತ್ತಿದ್ದುದು, ಎತ್ತರ ಬೇಕಾದ್ದಕ್ಕಿಂತ ಕಡಿಮೆಯಾಗುತ್ತಿದ್ದುದು ಪೈಲಟ್‌ಗಳ ಗಮನಕ್ಕೆ ಬರುವಾಗ ತಡವಾಗಿತ್ತು. ಕೊನೆಯಲ್ಲಿ ಪೂರ್ಣ ಶಕ್ತಿ ಕೇಳಿದರೂ, ಕನಿಷ್ಠ ಶಕ್ತಿಯಲ್ಲಿ ತೂಕಡಿಸುತ್ತಿರುವ ಜೆಟ್ ಎಂಜಿನ್ ಎದ್ದು ನಿಲ್ಲಲು ಕೆಲವು ಸೆಕೆಂಡು ಬೇಕು. ಆ ಸೆಕೆಂಡುಗಳು ಅವರ ಬಳಿ ಇರಲಿಲ್ಲ. ಸ್ಟಾಲ್ ಆಗದಂತೆ ಕಾಯುವ ಕಂಪ್ಯೂಟರ್ ತನ್ನ ಕೆಲಸ ಮಾಡಿತು. ಆದರೆ ಇಲ್ಲದ ಎತ್ತರವನ್ನು ಅದು ತಂದುಕೊಡಲಾರದು. ಆಯೋಗ ಮುಖ್ಯವಾಗಿ ಬೆರಳು ತೋರಿಸಿದ್ದು ಪೈಲಟ್‌ಗಳ ಕಡೆಗೆ.

ಆದರೆ ನನ್ನಂಥ ಕಂಟ್ರೋಲ್ ಇಂಜಿನಿಯರ್ ಇನ್ನೊಂದನ್ನೂ ನೋಡುತ್ತಾನೆ. ಹಳೆಯ ಬೋಯಿಂಗ್‌ನಲ್ಲಿ ಆಟೊಥ್ರಾಟಲ್ ಎಂಜಿನ್ ಶಕ್ತಿಯನ್ನು ಇಳಿಸಿದರೆ ಪೈಲಟ್‌ನ ಕೈಯ ಕೆಳಗಿನ ಲಿವರ್‌ಗಳೂ ಹಿಂದಕ್ಕೆ ಸರಿಯುತ್ತವೆ. ಏರ್‌ಬಸ್‌ನಲ್ಲಿ ಹಾಗಿಲ್ಲ. ಆಟೊಥ್ರಸ್ಟ್ ಕೆಲಸ ಮಾಡುವಾಗ ಲಿವರ್‌ಗಳು ಇಟ್ಟ ಜಾಗದಲ್ಲೇ ಇರುತ್ತವೆ. ಎಂಜಿನ್ ಏರಿದೆಯೋ ಇಳಿದಿದೆಯೋ ಎಂದು ತಿಳಿಯಲು ಪರದೆ ನೋಡಬೇಕು. ಸ್ಟಿಕ್ ವೇಗದ ಸುದ್ದಿ ಹೇಳುವುದಿಲ್ಲ, ಲಿವರ್ ಎಂಜಿನ್‌ನ ಸುದ್ದಿ ಹೇಳುವುದಿಲ್ಲ. ಎರಡೂ ಕೈಗಳು ಕಿವುಡಾದಾಗ ಕಣ್ಣೊಂದೇ ಉಳಿಯುತ್ತದೆ.

ಬೋಯಿಂಗ್ ಕಂಪನಿ 777 ಮತ್ತು 787ರಲ್ಲಿ ಫ್ಲೈ-ಬೈ-ವೈರ್ ತಂದಾಗ ಬೇರೆ ದಾರಿ ಹಿಡಿಯಿತು. ಚುಕ್ಕಾಣಿಯನ್ನೇ ಉಳಿಸಿಕೊಂಡಿತು. ಒಬ್ಬ ಪೈಲಟ್ ಎಳೆದರೆ ಇನ್ನೊಬ್ಬನ ಚುಕ್ಕಾಣಿಯೂ ಅಲುಗುತ್ತದೆ, ಲಿವರ್‌ಗಳು ತಾವೇ ಸರಿದಾಡುತ್ತವೆ, ವೇಗ ತಪ್ಪಿದರೆ ಚುಕ್ಕಾಣಿ ಬಿಗಿಯಾಗಿ ಎಚ್ಚರಿಸುತ್ತದೆ. ತಂತಿಯ ವಿಮಾನದಲ್ಲಿ ಮೋಟಾರ್ ಇಟ್ಟು ದಾರದ ಭಾವನೆ ಹುಟ್ಟಿಸುವುದೆಂದರೆ ಇದೇ. ಏರ್‌ಬಸ್‌ನ ಎರಡು ಸೈಡ್‌ಸ್ಟಿಕ್‌ಗಳಿಗೆ ಪರಸ್ಪರ ಸಂಬಂಧವಿಲ್ಲ. ಇಬ್ಬರೂ ಒಟ್ಟಿಗೆ ಅಲುಗಿಸಿದರೆ ಕಂಪ್ಯೂಟರ್ ಎರಡನ್ನೂ ಕೂಡಿಸಿ ‘ಡ್ಯುಯಲ್ ಇನ್‌ಪುಟ್’ ಎಂದು ಕೂಗುತ್ತದೆ. ಒಬ್ಬರು ಬಟನ್ ಒತ್ತಿ ಪೂರ್ತಿ ಅಧಿಕಾರ ತೆಗೆದುಕೊಳ್ಳಬೇಕು. 2009ರಲ್ಲಿ ರಿಯೊದಿಂದ ಪ್ಯಾರಿಸ್‌ಗೆ ಹೊರಟ ಏರ್ ಫ್ರಾನ್ಸ್‌ನ ಎ330 ಅಟ್ಲಾಂಟಿಕ್‌ಗೆ ಬಿದ್ದು 228 ಮಂದಿ ಸತ್ತಾಗ, ಒಬ್ಬ ಪೈಲಟ್ ಸ್ಟಿಕ್ ಅನ್ನು ಹಿಂದಕ್ಕೆ ಎಳೆದೇ ಇದ್ದ. ಪಕ್ಕದವನಿಗೆ ಅದು ಕೈಯಿಂದ ತಿಳಿಯುವ ದಾರಿ ಇರಲಿಲ್ಲ.

ಇಷ್ಟೆಲ್ಲ ಹೇಳಿದರೂ, ಇವತ್ತು ಜಗತ್ತಿನ ಆಕಾಶದಲ್ಲಿ ಎರಡೂ ಬಗೆಯ ವಿಮಾನಗಳು ಪ್ರತಿದಿನ ಸಾವಿರಾರು ಸಲ ಸುರಕ್ಷಿತವಾಗಿ ಇಳಿಯುತ್ತವೆ. ಒಂದು ಸರಿ, ಇನ್ನೊಂದು ತಪ್ಪು ಎಂಬ ತೀರ್ಪಿಗೆ ಜಾಗವಿಲ್ಲ. ಕೈಗೆ ಏನನ್ನು ಹೇಳಬೇಕು, ಏನನ್ನು ಹೇಳಬಾರದು ಎಂದು ಯಾರೋ ನಿರ್ಧರಿಸಿದ್ದಾರೆ. ಹೇಳದೆ ಬಿಟ್ಟದ್ದನ್ನು ಪೈಲಟ್ ಬೇರೆ ದಾರಿಯಲ್ಲಿ ತಿಳಿದುಕೊಳ್ಳಲು ಕಲಿಯಬೇಕು. ಕಲಿಯುವ ಜಾಗವೇ ಸಿಮ್ಯುಲೇಟರ್.

ಆರು ಕಾಲಿನ ಕೋಣೆ

ಅಕ್ಕನ ಮಗ ತರಬೇತಿಯ ವಾರಗಳಲ್ಲಿ ರಾತ್ರಿ ಫೋನ್ ಮಾಡಿ ಹೇಳುತ್ತಿದ್ದ ವಿವರಗಳು ನನಗೆ ಹಬ್ಬ. ಪೂರ್ಣ ಪ್ರಮಾಣದ ಸಿಮ್ಯುಲೇಟರ್ ಎಂದರೆ ಆರು ಕಾಲುಗಳ ಮೇಲೆ ನಿಂತ ಒಂದು ಕೋಣೆ. ಒಳಗೆ ನಿಜವಾದ ಕಾಕ್‌ಪಿಟ್, ಕಿಟಕಿಯಾಚೆ ಚಿತ್ರದ ರನ್‌ವೇ. ಕಾಲುಗಳು ಉದ್ದ, ಗಿಡ್ಡ ಆಗುತ್ತ ಕೋಣೆಯನ್ನು ಓಲಾಡಿಸುತ್ತವೆ. ಕೋಣೆ ಎಲ್ಲಿಗೂ ಓಡಲಾರದು, ಆದರೂ ಟೇಕಾಫ್‌ನಲ್ಲಿ ಬೆನ್ನು ಸೀಟಿಗೆ ಒತ್ತಿದ ಅನುಭವ ಬರಬೇಕು. ಅದಕ್ಕೆ ಉಪಾಯವೆಂದರೆ ಕೋಣೆಯನ್ನು ನಿಧಾನವಾಗಿ ಹಿಂದಕ್ಕೆ ವಾಲಿಸುವುದು, ಚಿತ್ರವನ್ನು ಮಾತ್ರ ಮಟ್ಟಸವಾಗಿ ಇಡುವುದು. ಗುರುತ್ವ ಬೆನ್ನನ್ನು ಎಳೆಯುತ್ತದೆ, ಕಣ್ಣು ‘ನೇರ ಓಡುತ್ತಿದ್ದೇವೆ’ ಎನ್ನುತ್ತದೆ, ಮೆದುಳು ನಂಬಿಬಿಡುತ್ತದೆ.

ಇಲ್ಲೊಂದು ಸ್ವಾರಸ್ಯವಿದೆ. ಎಟಿಆರ್‌ನಂಥ ಕೇಬಲ್ ವಿಮಾನದ ಸಿಮ್ಯುಲೇಟರ್ ಮಾಡುವುದು ಕೈಯ ಮಟ್ಟಿಗೆ ಕಷ್ಟ. ಅಲ್ಲಿ ಗಾಳಿ ಇಲ್ಲ, ಆದರೂ ಚುಕ್ಕಾಣಿ ಭಾರವಾಗಬೇಕು, ಕೇಬಲ್ಲಿನ ಘರ್ಷಣೆ ಕೂಡ ಬೆರಳಿಗೆ ಸಿಗಬೇಕು. ಅದಕ್ಕೆಂದೇ ಮೋಟಾರ್‌ಗಳು, ಕಂಪ್ಯೂಟರ್‌ಗಳು ಬೇಕು. ಎಷ್ಟು ಮಾಡಿದರೂ ‘ಇದು ನಮ್ಮ ವಿಮಾನದ ಹಾಗಿಲ್ಲ’ ಎಂಬ ಗೊಣಗಾಟ ತಪ್ಪದು. ಎ320ರ ಸೈಡ್‌ಸ್ಟಿಕ್ ಮಾತ್ರ ವಿಮಾನದಲ್ಲೂ ಸ್ಪ್ರಿಂಗೇ, ಸಿಮ್ಯುಲೇಟರ್‌ನಲ್ಲೂ ಸ್ಪ್ರಿಂಗೇ. ಹಾಗಾಗಿ ಕೈಯ ಮಟ್ಟಿಗೆ ಅಸಲಿಗೂ ನಕಲಿಗೂ ವ್ಯತ್ಯಾಸವೇ ಇಲ್ಲ ಎನ್ನಬಹುದು. ನಿಜವಾದ ವಿಮಾನ ನಕಲಿಯ ಹತ್ತಿರಕ್ಕೆ ಬಂದಿದೆಯೋ, ನಕಲಿ ನಿಜದ ಹತ್ತಿರಕ್ಕೆ ಹೋಗಿದೆಯೋ ಹೇಳುವುದು ಕಷ್ಟ.

‘ಹಾಗಿದ್ರೆ ವ್ಯತ್ಯಾಸ ಎಲ್ಲಿ ಗೊತ್ತಾಗತ್ತೆ?’ ಎಂದು ಕೇಳಿದೆ.

‘ಕೂತಲ್ಲಿ ಗೊತ್ತಾಗತ್ತೆ ಮಾಮ’ ಎಂದ. ನಿಜವಾದ ಗಾಳಿಯ ಹೊಡೆತ ಸೊಂಟಕ್ಕೆ ತಾಗುತ್ತದೆ. ಕಡಿದಾದ ತಿರುವಿನಲ್ಲಿ ಮೈ ಭಾರವಾಗುವುದನ್ನು ಆರು ಕಾಲಿನ ಕೋಣೆ ತೋರಿಸಲಾರದು. ‘ಮತ್ತೆ ಇನ್ನೊಂದು. ಸಿಮ್ಯುಲೇಟರ್‌ನಲ್ಲಿ ಹಿಂದುಗಡೆ ಯಾರೂ ಕೂತಿರಲ್ಲ.’

ಆದರೆ ಅವನ ಗುರುಗಳು ಹೆಚ್ಚು ಒತ್ತು ಕೊಟ್ಟದ್ದು ಬೇರೆಯದಕ್ಕೆ. ಆಟೊಥ್ರಸ್ಟ್ ಆಫ್ ಮಾಡಿಸಿ ಇಳಿಸಲು ಹೇಳುತ್ತಿದ್ದರಂತೆ. ಸದ್ದಿಲ್ಲದೆ ವೇಗ ಕುಸಿಯುವ ಸನ್ನಿವೇಶ ಒಡ್ಡಿ, ಎಷ್ಟು ಬೇಗ ಗಮನಿಸುತ್ತಾನೆಂದು ನೋಡುತ್ತಿದ್ದರಂತೆ. ಕಂಪ್ಯೂಟರ್‌ಗಳನ್ನು ಒಂದೊಂದಾಗಿ ಕೆಡಿಸಿ, ಕಾವಲುಗಳು ಕಳಚಿದ ವಿಮಾನವನ್ನು ಕೈಗೆ ಕೊಡುತ್ತಿದ್ದರಂತೆ. ‘ಎಟಿಆರ್‌ನಲ್ಲಿ ನಿನ್ನ ಕೈ ಮಾಡ್ತಿದ್ದ ಕೆಲಸ ಇಲ್ಲಿ ನಿನ್ನ ಕಣ್ಣು ಮಾಡಬೇಕು’ ಎಂದು ದಿನಾ ಹೇಳುತ್ತಿದ್ದರಂತೆ. ಬೆಂಗಳೂರಿನ ಗಾಲ್ಫ್ ಮೈದಾನದ ಪಾಠ ಇದೇ ಅಲ್ಲವೇ ಎನಿಸಿತು ನನಗೆ.

ಬೆಂಗಳೂರು ಬರೆದ ‘ಅನುಭವ’

ಈ ‘ಅನುಭವ’ವನ್ನು ಬರೆಯುವ ವಿದ್ಯೆ ಹೊರದೇಶದವರಿಗೆ ಮಾತ್ರ ಗೊತ್ತು ಎಂದುಕೊಳ್ಳಬೇಡಿ. ತೇಜಸ್ ಯುದ್ಧವಿಮಾನ ಹುಟ್ಟಿನಿಂದಲೇ ಅಸ್ಥಿರ. ಹಾಗೆ ಬೇಕೆಂದೇ ರೂಪಿಸಿದ್ದು, ಚುರುಕಾಗಿ ತಿರುಗಲಿ ಎಂದು. ಕಂಪ್ಯೂಟರ್ ಇಲ್ಲದೆ ಅದನ್ನು ಯಾವ ಶೂರನೂ ಹಾರಿಸಲಾರ. ಪೈಲಟ್ ಇಷ್ಟು ಎಳೆದರೆ ವಿಮಾನ ಎಷ್ಟು ಏಳಬೇಕು, ಎಷ್ಟು ಬೇಗ ಏಳಬೇಕು ಎಂಬ ಕಂಟ್ರೋಲ್ ಲಾ ಬರೆಯಲು 1992ರಲ್ಲಿ ಬೆಂಗಳೂರಿನ ಎನ್‌ಎಎಲ್‌ನಲ್ಲಿ ತಂಡ ಕಟ್ಟಲಾಯಿತು.

ಈ ಲೆಕ್ಕ ಸ್ವಲ್ಪ ತಪ್ಪಿದರೂ ಪೈಲಟ್ ಮತ್ತು ಕಂಪ್ಯೂಟರ್ ಒಬ್ಬರನ್ನೊಬ್ಬರು ತಿದ್ದಲು ಹೋಗಿ ವಿಮಾನ ತೊಟ್ಟಿಲಿನಂತೆ ತೂಗಾಡತೊಡಗುತ್ತದೆ. ಸ್ವೀಡನ್ನಿನ ಗ್ರಿಪೆನ್ ವಿಮಾನದ ಮೊದಲ ಮಾದರಿ 1989ರಲ್ಲಿ ಇಳಿಯುವಾಗ ಹೀಗೇ ತೂಗಾಡಿ ಉರುಳಿತ್ತು. ಆದ್ದರಿಂದ ನಮ್ಮವರು ಮೊದಲು ನೆಲದ ಸಿಮ್ಯುಲೇಟರ್‌ಗಳಲ್ಲಿ ಪರೀಕ್ಷಿಸಿದರು. 1996ರ ಜುಲೈನಲ್ಲಿ ಅಮೆರಿಕದಲ್ಲಿ, ಬೇರೆ ವಿಮಾನಗಳಂತೆ ವರ್ತಿಸಬಲ್ಲ ವಿಶೇಷ ಎಫ್-16 ವಿಮಾನಕ್ಕೆ ತೇಜಸ್‌ನ ಗುಣ ತುಂಬಿ ಹಾರಿಸಿ ನೋಡಿದರು. ಅದು ಆಕಾಶದಲ್ಲೇ ಹಾರುವ ಸಿಮ್ಯುಲೇಟರ್. 1998ರ ಪೋಖ್ರಾನ್ ಪರೀಕ್ಷೆಯ ನಂತರ ಅಮೆರಿಕ ನಿರ್ಬಂಧ ಹೇರಿ ಸಹಕಾರ ನಿಲ್ಲಿಸಿತು. ಉಳಿದ ಕೆಲಸ ಬೆಂಗಳೂರಿನಲ್ಲೇ ಮುಗಿಯಿತು. 2001ರ ಜನವರಿ 4ರಂದು ವಿಂಗ್ ಕಮಾಂಡರ್ ರಾಜೀವ್ ಕೋಥಿಯಾಲ್ ಎಚ್‌ಎಎಲ್ ರನ್‌ವೇಯಿಂದ ಮೊದಲ ಸಲ ಅದನ್ನು ಹಾರಿಸಿ ಕ್ಷೇಮವಾಗಿ ಇಳಿಸಿದರು. ಹನ್ನೊಂದು ವರ್ಷಗಳ ಹಿಂದೆ ಆ ಎ320 ತಲುಪಲಾಗದೆ ಹೋದ ವಿಮಾನ ನಿಲ್ದಾಣವೂ ಅದೇ.

ಅಕ್ಕನಿಗೆ ಉತ್ತರ

ಕಳೆದ ವಾರ ಅಕ್ಕನಿಗೆ ಫೋನ್ ಮಾಡಿದೆ. ‘ಕೈಗೆ ಏನೂ ಗೊತ್ತಾಗಲ್ಲ ಅನ್ನೋದು ಅರ್ಧ ನಿಜ’ ಎಂದೆ. ಹಳೆಯ ವಿಮಾನದಲ್ಲಿ ಕೈಗೆ ತಿಳಿಯುತ್ತಿದ್ದ ಕೆಲವು ಸಂಗತಿ ಇದರಲ್ಲಿ ತಿಳಿಯುವುದಿಲ್ಲ. ಅದರ ಬದಲು ಹಳೆಯ ವಿಮಾನದಲ್ಲಿ ಇಲ್ಲದ ಕಾವಲು ಇದರಲ್ಲಿದೆ. ಯಾವುದು ತಿಳಿಯುವುದಿಲ್ಲ ಎಂಬುದು ನಿನ್ನ ಮಗನಿಗೆ ಚೆನ್ನಾಗಿ ಗೊತ್ತು, ಅದೇ ನನಗೆ ಧೈರ್ಯ ಎಂದೆ.

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನನಗೂ ಹಂಗೇ ಕಣೋ. ಚಿಕ್ಕವನಿದ್ದಾಗ ಹಣೆ ಮುಟ್ಟಿದ್ರೆ ಸಾಕು, ಜ್ವರ ಗೊತ್ತಾಗ್ತಿತ್ತು. ಈಗ ಫೋನಲ್ಲಿ ದನಿ ಕೇಳಿ ತಿಳ್ಕೋಬೇಕು’ ಎಂದಳು.

ನಾನು ಛಾವಣಿಯ ಮೇಲೆ ನಿಂತಿದ್ದೆ. ಮಳೆ ಬಿಟ್ಟಿತ್ತು. ವಿಮಾನವೊಂದು ಮೋಡದ ಅಡಿಯಲ್ಲಿ ಉತ್ತರಕ್ಕೆ ಇಳಿಯುತ್ತಿತ್ತು. ಕಾಕಾ ಕೂಡ ಕತ್ತೆತ್ತಿ ನೋಡುತ್ತಿದ್ದರು. ಅದು ಕಣ್ಮರೆಯಾಗುವವರೆಗೆ ಇಬ್ಬರೂ ಮಾತಾಡಲಿಲ್ಲ.